ಮೂರು ಗಂಟೆಗೆ ನಿಂತ ಮನೆ

ಬಾಸ್ಟನ್ ನಗರಕ್ಕೆ ಅಂಟಿಕೊಂಡೇ ಇರುವ ಬ್ರೂಕ್‌ಲೈನ್ ಎಂಬ ಊರಿನಲ್ಲಿ ಬೀಲ್ಸ್ ಸ್ಟ್ರೀಟ್ ಅಂತ ಒಂದು ಸಣ್ಣ ಬೀದಿಯಿದೆ. ಅಲ್ಲಿನ 83ನೇ ನಂಬರಿನ ಮನೆಯನ್ನು ಕಟ್ಟಿದ್ದು 1909ರಲ್ಲಿ. ಮರದ ಹಲಗೆ ಹೊಡೆದ ಗೋಡೆ, ಮುಂದೊಂದು ಜಗಲಿ, ಮೇಲೆ ಇಳಿಜಾರು ಮಾಡಿನೊಳಗೆ ಅಡಗಿ ಕೂತ ಇನ್ನೊಂದು ಅಂತಸ್ತು. ಆ ಬೀದಿಯ ಉಳಿದ ಮನೆಗಳಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇನಿಲ್ಲ. ಮುಂದಿರುವ ಬಾವುಟದ ಕಂಬವನ್ನೂ ಫಲಕವನ್ನೂ ಗಮನಿಸದಿದ್ದರೆ ದಾಟಿಕೊಂಡು ಹೋಗಿಬಿಡುತ್ತೀರಿ. 1917ರ ಮೇ 29ರ ಮಧ್ಯಾಹ್ನ ಮೂರು ಗಂಟೆಗೆ ಈ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಜಾನ್ ಫಿಟ್ಜೆರಾಲ್ಡ್ ಕೆನಡಿ ಹುಟ್ಟಿದ. ಮನೆಯವರಿಗೆ ಜಾಕ್. ಮುಂದೆ ಅಮೆರಿಕದ 35ನೇ ಅಧ್ಯಕ್ಷ.

ಮನೆಯೊಳಗಿನ ಗಡಿಯಾರಗಳು ಈಗಲೂ ಮೂರು ಗಂಟೆ ತೋರಿಸುತ್ತವೆ. ಅವನ್ನು ಹಾಗೆ ನಿಲ್ಲಿಸಿದ್ದು ಆತನ ತಾಯಿ ರೋಸ್. ಅದೂ 1960ರ ದಶಕದ ಕೊನೆಯಲ್ಲಿ, ಮಗ ಕೊಲೆಯಾದ ಮೇಲೆ. ಈ ಒಂದು ಸಂಗತಿ ತಿಳಿದ ಕೂಡಲೇ ಮನೆ ನನಗೆ ಬೇರೆಯಾಗಿ ಕಾಣತೊಡಗಿತು. ಹೊರಗಿನ ಫಲಕದ ಪ್ರಕಾರ ಇದು ಅಧ್ಯಕ್ಷನೊಬ್ಬ ಹುಟ್ಟಿ ಬೆಳೆದ ಮನೆ. ಒಳಗೆ ನಡೆದಾಡಿದರೆ ಮಾತ್ರ ಇದು ಎಪ್ಪತ್ತೇಳು ದಾಟುತ್ತಿದ್ದ ತಾಯಿಯೊಬ್ಬಳು ಐವತ್ತು ವರ್ಷ ಹಿಂದಕ್ಕೆ ಹೋಗಿ, ನೆನಪಿನಿಂದ ಒಂದೊಂದೇ ಸಾಮಾನು ಎತ್ತಿ ತಂದು ಜೋಡಿಸಿದ ಮನೆ.

ಮಹಾಪುರುಷರು ಹುಟ್ಟಿದ ಮನೆಯನ್ನು ಕಾಪಾಡುವ ಹಂಬಲ ಅಮೆರಿಕನ್ನರಿಗೆ ತುಸು ಹೆಚ್ಚೇ. ಆ ಹಂಬಲ ಕೆಲವೊಮ್ಮೆ ಚರಿತ್ರೆಯನ್ನು ಮೀರಿ ಹೋಗುತ್ತದೆ. ಕೆಂಟಕಿ ರಾಜ್ಯದ ಹಾಡ್ಜೆನ್‌ವಿಲ್ ಬಳಿ ಲಿಂಕನ್ ಹುಟ್ಟಿದ ಜಾಗದಲ್ಲಿ ಗ್ರೀಕ್ ದೇಗುಲದಂಥ ಕಲ್ಲಿನ ಕಟ್ಟಡವಿದೆ. ಆತ ಬದುಕಿದ 56 ವರ್ಷಗಳಿಗೆ 56 ಮೆಟ್ಟಿಲು. ಹತ್ತಿ ಹೋದರೆ ಒಳಗೊಂದು ಮರದ ದಿಮ್ಮಿಗಳ ಗುಡಿಸಲು. ಅದನ್ನು ಕಳಚಿ ಊರೂರಿಗೆ ಪ್ರದರ್ಶನಕ್ಕೆ ಒಯ್ದಿದ್ದರು. ಕೊನೆಗೆ ಕಟ್ಟಡದೊಳಗೆ ಹಿಡಿಸುವಂತೆ ಅಳತೆ ಕುಗ್ಗಿಸಿ ಮತ್ತೆ ಜೋಡಿಸಿದರು. 2004ರಲ್ಲಿ ಮರದ ಉಂಗುರ ಎಣಿಸಿ ನೋಡಿದಾಗ ಆ ದಿಮ್ಮಿಗಳು 1840ರ ದಶಕಕ್ಕಿಂತ ಹಳೆಯವಲ್ಲ ಎಂದು ಗೊತ್ತಾಯಿತು. ಲಿಂಕನ್ ಹುಟ್ಟಿದ್ದು 1809ರಲ್ಲಿ! ವಾಷಿಂಗ್ಟನ್ ಹುಟ್ಟಿದ ವರ್ಜೀನಿಯಾದ ಮನೆಯ ಕತೆಯೂ ಹೀಗೇ. ಮೂಲ ಮನೆ 1779ರಲ್ಲೇ ಸುಟ್ಟುಹೋಗಿತ್ತು. 1930-31ರಲ್ಲಿ ಅದರ ಹೆಸರಿನಲ್ಲಿ ಹೊಸ ಇಟ್ಟಿಗೆ ಮನೆ ಕಟ್ಟಿದರು. ನಿಜವಾದ ಅಡಿಪಾಯ ಸಿಕ್ಕಿದ್ದು ಅದರ ಪಕ್ಕದಲ್ಲಿ, ಬೇರೆ ಜಾಗದಲ್ಲಿ.

ಇವುಗಳ ಮುಂದೆ ಬೀಲ್ಸ್ ಸ್ಟ್ರೀಟಿನ ಮನೆ ಅಪ್ಪಟ. ಮನೆ ಅದೇ, ಕಿಟಕಿ ಅದೇ. ಹೆತ್ತ ತಾಯಿಯೇ ನಿಂತು ಸಾಕ್ಷಿ ಹೇಳಿದ್ದಾಳೆ. ಇದಕ್ಕಿಂತ ಗಟ್ಟಿ ಪುರಾವೆ ಚರಿತ್ರೆಯಲ್ಲಿ ಎಲ್ಲಿ ಸಿಗುತ್ತದೆ ಅನಿಸುತ್ತದಲ್ಲವೇ? ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಸಾಕ್ಷಿ ಎಷ್ಟು ಹತ್ತಿರದ್ದೋ ಅಷ್ಟೇ ಎಚ್ಚರವಾಗಿ ಓದಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಅದನ್ನು ಈ ಮನೆಯಲ್ಲಿ ನಾನೇ ಅನುಭವಿಸಿ ನೋಡುವಂತಾಯಿತು.

ನಾನು ಬಾಸ್ಟನ್ನಿಗೆ ಹೋದದ್ದು ಮಗಳ ಬಾಣಂತನಕ್ಕೆ. ನಮ್ಮ ಕಡೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ವಾಡಿಕೆ. ಈಗ ತವರೇ ಸೂಟ್‌ಕೇಸಿನಲ್ಲಿ ಮೆಂತ್ಯ, ಬಾಣಂತಿ ಲೇಹ್ಯ ತುಂಬಿಕೊಂಡು ವಿಮಾನ ಹತ್ತುತ್ತದೆ. ಈ ವಾಡಿಕೆಯಿಂದಾಗಿಯೇ ನಮ್ಮಲ್ಲಿ ದೊಡ್ಡವರು ಹುಟ್ಟಿದ ಮನೆ ಒಂದು, ಬೆಳೆದ ಮನೆ ಇನ್ನೊಂದು. ಕುವೆಂಪು ಹುಟ್ಟಿದ್ದು ಕೊಪ್ಪದ ಸೀಮೆಯ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಆದರೆ ನಾವು ನೋಡಲು ಹೋಗುವುದು ಕುಪ್ಪಳಿಯ ಮನೆಯನ್ನು. ತಾಯಿಯ ತವರಿಗೆ ಯಾರೂ ಹೋಗುವುದಿಲ್ಲ. ಬ್ರೂಕ್‌ಲೈನಿನಲ್ಲಿ ಹುಟ್ಟಿದ ಮನೆಯೇ ಬೆಳೆದ ಮನೆ, ಆದರೆ ಬೆಳೆದದ್ದು ಮೂರೇ ವರ್ಷ. 1914ರಲ್ಲಿ ಬಂದ ಕೆನಡಿ ದಂಪತಿ 1920ರಲ್ಲಿ ಹತ್ತಿರದಲ್ಲೇ ಇನ್ನೂ ದೊಡ್ಡ ಮನೆಗೆ ಹೋದರು.

ಮೊಮ್ಮಗಳಿಗೆ ಮೂರು ತಿಂಗಳು ತುಂಬಿದ ಮೇಲೆ, ಆಗಸ್ಟಿನ ಒಂದು ಬೆಳಿಗ್ಗೆ, ಮೂವರೂ ಹೊರಟೆವು. ಗ್ರೀನ್ ಲೈನ್ ಟ್ರಾಮಿನಲ್ಲಿ ಕೂಲಿಜ್ ಕಾರ್ನರ್ ಸ್ಟಾಪಿಗೆ ಇಳಿದು ಹಾರ್ವರ್ಡ್ ಸ್ಟ್ರೀಟ್ ಹಿಡಿದರೆ ಹತ್ತು ನಿಮಿಷದ ನಡಿಗೆ. ದಾರಿಯಲ್ಲಿ ಒಂದು ಸರ್ಕಾರಿ ಶಾಲೆ ಸಿಗುತ್ತದೆ. ಕೆನಡಿ ಮಕ್ಕಳು ಕೆಲಕಾಲ ಓದಿದ ಶಾಲೆ. ಆಗ ಅದರ ಹೆಸರು ಎಡ್ವರ್ಡ್ ಡಿವೋಷನ್ ಶಾಲೆ. ಹದಿನೆಂಟನೇ ಶತಮಾನದ ಆ ದಾನಿ ಗುಲಾಮನೊಬ್ಬನ ಒಡೆಯನೂ ಆಗಿದ್ದ ಎಂಬ ಕಾರಣಕ್ಕೆ ಊರಿನವರು ಚರ್ಚೆ ಮಾಡಿ ಆ ಹೆಸರು ತೆಗೆದರು. 2020ರಿಂದ ಅದು ಫ್ಲೋರಿಡಾ ರಫಿನ್ ರಿಡ್ಲಿ ಶಾಲೆ. ಆಕೆ ಇದೇ ಊರಿನಲ್ಲಿ ಬಾಳಿದ ಕಪ್ಪು ಸಮುದಾಯದ ಶಿಕ್ಷಕಿ, ಪತ್ರಿಕೆಯ ಸಂಪಾದಕಿ, ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದವಳು. ಯಾರ ಹೆಸರು ಉಳಿಯಬೇಕು ಎಂಬುದು ಈ ಊರಿನಲ್ಲಿ ಇನ್ನೂ ಜೀವಂತ ಪ್ರಶ್ನೆ ಅಂದುಕೊಂಡು ಮುಂದೆ ನಡೆದೆ.

ಮನೆಯ ಮೆಟ್ಟಿಲಿಗೆ ತಳ್ಳುಗಾಡಿ ಏರುವಂತಿರಲಿಲ್ಲ. "ನೀನು ಹೋಗಿ ನೋಡ್ಕೊಂಡ್ ಬಾ ಅಮ್ಮ, ಪಾಪು ಈಗಷ್ಟೇ ನಿದ್ದೆ ಹೋಗಿದೆ. ಎಬ್ಬಿಸಿದರೆ ಕತೆ ಮುಗೀತು" ಎಂದು ಮಗಳು ಹೊರಗೆ ನೆರಳಿನಲ್ಲಿ ಕೂತಳು. ಒಳಗೆ ಹೋಗಲು ಟಿಕೆಟ್ ಇಲ್ಲ. ಮನೆ ರಾಷ್ಟ್ರೀಯ ಉದ್ಯಾನ ಇಲಾಖೆಯ ಸುಪರ್ದಿಯಲ್ಲಿದೆ. ಅಗಲ ಅಂಚಿನ ಟೋಪಿ ಹಾಕಿದ ಯುವತಿಯೊಬ್ಬಳು ನಮ್ಮ ಆರೇಳು ಜನರ ಗುಂಪನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದಳು.

ಮದುವೆಯಾದಾಗ ಜೋಸೆಫ್ ಕೆನಡಿಗೆ ಇಪ್ಪತ್ತಾರು, ರೋಸ್‌ಗೆ ಇಪ್ಪತ್ತನಾಲ್ಕು. ಐರಿಷ್ ಕ್ಯಾಥೊಲಿಕರನ್ನು ಬಾಸ್ಟನ್ನಿನ ಹಳೆಯ ಪ್ರಾಟೆಸ್ಟಂಟ್ ಮನೆತನಗಳು ಹತ್ತಿರ ಸೇರಿಸದಿದ್ದ ಕಾಲ. ಜೋಸೆಫ್ ಆಗಲೇ ಕೊಲಂಬಿಯಾ ಟ್ರಸ್ಟ್ ಎಂಬ ಸಣ್ಣ ಬ್ಯಾಂಕಿನ ಅಧ್ಯಕ್ಷ. ರೋಸ್ ಬಾಸ್ಟನ್ನಿನ ಮೇಯರ್ ಆಗಿದ್ದ ಜಾನ್ ಫಿಟ್ಜೆರಾಲ್ಡ್‌ರ ಹಿರಿಯ ಮಗಳು. ತಂದೆಯ ಜೊತೆ ಸಭೆ ಸಮಾರಂಭಗಳಲ್ಲಿ ನಿಂತು ಬೆಳೆದವಳು. ಹಾಗಾಗಿ ಇದು ಲಿಂಕನ್ನನ ಗುಡಿಸಲಿನ ಸಾಲಿಗೆ ಸೇರುವ ಬಡವರ ಮನೆ ಖಂಡಿತ ಅಲ್ಲ. ಮೇಲಕ್ಕೆ ಏರಬೇಕೆಂದು ಪಟ್ಟು ಹಿಡಿದವರು ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಾಗ ಹಿಡಿದ ಮನೆ ಇದು.

ಕೆಳಗಿನ ಹಜಾರದಲ್ಲಿ ಪಿಯಾನೊ ಇದೆ, ರೋಸ್‌ಗೆ ಮದುವೆಯ ಉಡುಗೊರೆಯಾಗಿ ಬಂದದ್ದು. ಊಟದ ಕೋಣೆಯಲ್ಲಿ ದೊಡ್ಡವರ ಮೇಜಿನ ಪಕ್ಕ ಮಕ್ಕಳಿಗೊಂದು ಪುಟ್ಟ ಮೇಜು. ಅದರ ಮೇಲೆ ಹಿರಿಯವನಾದ ಜೋ ಮತ್ತು ಜಾಕ್ ಇಬ್ಬರ ಬೆಳ್ಳಿ ಬಟ್ಟಲು. ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಆ ಬಟ್ಟಲುಗಳು. ನಮ್ಮಲ್ಲೂ ಅನ್ನಪ್ರಾಶನಕ್ಕೆ ಬೆಳ್ಳಿ ಬಟ್ಟಲು ಕೊಡುತ್ತಾರೆ. ಮೊಮ್ಮಗಳಿಗೆ ತಂದದ್ದು ನನ್ನ ಸೂಟ್‌ಕೇಸಿನಲ್ಲಿ ಇನ್ನೂ ಹಾಗೇ ಇತ್ತು. ಅಡುಗೆಮನೆಯಲ್ಲಿ ಕಪ್ಪು ಒಲೆ, ಪಾತ್ರೆ ಪಡಗ. ಮಹಡಿಯ ಮೇಲೆ ಗಂಡ ಹೆಂಡತಿಯ ಕೋಣೆಯಲ್ಲಿ ಎರಡು ಒಂಟಿ ಮಂಚ. ಜಾಕ್ ಹುಟ್ಟಿದ್ದು ಕಿಟಕಿಯ ಪಕ್ಕದ ಮಂಚದ ಮೇಲೆ. ಕಾರಣ ಸರಳ: ಡಾಕ್ಟರಿಗೆ ಬೆಳಕು ಬೇಕಿತ್ತು. ಪಕ್ಕದ ಮಕ್ಕಳ ಕೋಣೆಯಲ್ಲಿ ತೊಟ್ಟಿಲು, ನಾಮಕರಣದ ಉದ್ದ ಬಿಳಿ ಅಂಗಿ.

ಎಲ್ಲ ಕೋಣೆಗಳೂ ಈಗಷ್ಟೇ ಗುಡಿಸಿ ಒರೆಸಿದಂತಿವೆ. ನಾಲ್ಕು ಸಣ್ಣ ಮಕ್ಕಳಿದ್ದ ಮನೆಯ ಯಾವ ಗುರುತೂ ಇಲ್ಲ. ಮೂರು ತಿಂಗಳಿಂದ ಒಂದೇ ಒಂದು ಕೂಸಿರುವ ಮನೆಯಲ್ಲಿದ್ದು ಬಂದ ನನಗೆ ಇದು ಸ್ವಲ್ಪ ವಿಚಿತ್ರವೆನಿಸಿತು!

ಮನೆ ಹೀಗಾದದ್ದರ ಕತೆ ಇದು. ಕೆನಡಿ ಅಧ್ಯಕ್ಷನಾದ 1961ರಲ್ಲಿ ಊರಿನವರು ಮನೆಯ ಮುಂದೆ ಫಲಕ ಹಾಕಿದರು. ಆಗ ಅಲ್ಲಿ ಬೇರೆ ಯಾರೋ ವಾಸವಿದ್ದರು. 1963ರ ನವೆಂಬರಿನಲ್ಲಿ ಡಲ್ಲಾಸಿನಲ್ಲಿ ಆತನ ಕೊಲೆಯಾದ ಮೇಲೆ ಜನ ಹುಡುಕಿಕೊಂಡು ಬರತೊಡಗಿದರು. 1966ರಲ್ಲಿ ಕೆನಡಿ ಕುಟುಂಬ ಮನೆಯನ್ನು ಮತ್ತೆ ಕೊಂಡಿತು. 1967ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಸಾರಿತು. ರೋಸ್ ಬಾಸ್ಟನ್ನಿನ ಜಾರ್ಡನ್ ಮಾರ್ಷ್ ಅಂಗಡಿಯ ಒಳಾಂಗಣ ಅಲಂಕಾರದ ರಾಬರ್ಟ್ ಲಡಿಂಗ್ಟನ್ ಎಂಬಾತನನ್ನು ಜೊತೆಗಿಟ್ಟುಕೊಂಡು ಕೆಲಸ ಶುರುಮಾಡಿದರು. ಬಂಧುಗಳ ಮನೆಗಳಲ್ಲಿ ಚದುರಿಹೋಗಿದ್ದ ಹಳೆಯ ಸಾಮಾನು ಕೆಲವು ಬಂದವು. ಸಿಗದಿದ್ದ ಕಡೆ ಆ ಕಾಲದ್ದೇ ಬೇರೆ ಸಾಮಾನು ಕೊಂಡು ತಂದರು. ಅದೂ ಸಿಗದ ಕಡೆ ಹೊಸದಾಗಿ ಮಾಡಿಸಿದರು. ಅಳತೆಗೋಲು ಒಂದೇ, ರೋಸ್ ಅವರ ನೆನಪು.

ಆ ಕೆಲಸ ನಡೆಯುತ್ತಿದ್ದಾಗಲೇ, 1968ರ ಜೂನ್‌ನಲ್ಲಿ, ಇನ್ನೊಬ್ಬ ಮಗ ರಾಬರ್ಟ್ ಲಾಸ್ ಏಂಜಲೀಸಿನಲ್ಲಿ ಗುಂಡಿಗೆ ಬಲಿಯಾದ. ಅದಕ್ಕೂ ಮುಂಚೆ, 1944ರಲ್ಲಿ, ಬೆಳ್ಳಿ ಬಟ್ಟಲಿನ ಹಿರಿಯ ಜೋ ಯುದ್ಧವಿಮಾನ ಸಿಡಿದು ಸತ್ತಿದ್ದ. 1948ರಲ್ಲಿ ಮಗಳು ಕ್ಯಾಥ್ಲೀನ್ ಫ್ರಾನ್ಸಿನಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದಳು. ಗಂಡ ಪಾರ್ಶ್ವವಾಯು ಬಡಿದು 1961ರ ಡಿಸೆಂಬರಿನಿಂದ ಮಾತಿಲ್ಲದೆ ಮಲಗಿದ್ದರು. ಇಷ್ಟರ ನಡುವೆ ಮುದುಕಿಯೊಬ್ಬಳು ಗೋಡೆಗೆ ಅಂಟಿಸುವ ಕಾಗದದ ಬಣ್ಣ ಆರಿಸುತ್ತಿದ್ದಾಳೆ, ಮಕ್ಕಳ ಮೇಜಿನ ಮೇಲೆ ಬಟ್ಟಲು ಎಲ್ಲಿಡಬೇಕೆಂದು ಹೇಳುತ್ತಿದ್ದಾಳೆ. 1969ರ ಮೇ 29ರಂದು, ಮಗನ ಹುಟ್ಟುಹಬ್ಬದ ದಿನ, ಮನೆಯನ್ನು ದೇಶಕ್ಕೆ ಒಪ್ಪಿಸಿದರು. ಬಂದವರಿಗೆ ಮನೆ ತೋರಿಸಲು ತಮ್ಮದೇ ದನಿಯಲ್ಲಿ ಒಂದು ಧ್ವನಿಮುದ್ರಣ ಮಾಡಿಟ್ಟರು. ತುಣುಕೊಂದನ್ನು ನಮಗೂ ಕೇಳಿಸಿದರು. ತಾವಿಲ್ಲಿ ಸುಖವಾಗಿದ್ದೆವು, ಮುಂದೇನು ಕಾದಿದೆ ಎಂಬುದು ಗೊತ್ತಿರಲಿಲ್ಲ ಎಂಬ ಅರ್ಥದ ಮಾತು. ಎಳೆದೆಳೆದು, ಒಂದು ಪದಕ್ಕೂ ಏಟಾಗದಂತೆ ಉಚ್ಚರಿಸುವ ದನಿ. ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.

ಸುಖವಾಗಿದ್ದರೇ? ಇತಿಹಾಸಕಾರ್ತಿ ಡೋರಿಸ್ ಕರ್ನ್ಸ್ ಗುಡ್ವಿನ್ 1987ರಲ್ಲಿ ಎರಡೂ ಮನೆತನಗಳ ಚರಿತ್ರೆ ಬರೆದರು. ಅದರಲ್ಲಿ ಒಂದು ಪ್ರಸಂಗವಿದೆ. 1920ರ ಆರಂಭದಲ್ಲಿ, ನಾಲ್ಕನೆಯ ಮಗು ಹೊಟ್ಟೆಯಲ್ಲಿರುವಾಗ, ರೋಸ್ ಈ ಮನೆ ಬಿಟ್ಟು ತವರಿಗೆ ಹೋಗಿಬಿಟ್ಟರು. ಗಂಡ ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಮೇಯರರ ಮಗಳಾಗಿ ಊರೆಲ್ಲ ಓಡಾಡಿದವಳು ನಾಲ್ಕು ಗೋಡೆಯೊಳಗೆ ಮೂರು ಕೂಸುಗಳ ಜೊತೆ ಉಳಿದಿದ್ದಳು. ಕೆಲವು ವಾರ ಕಳೆದ ಮೇಲೆ ಅಪ್ಪ ಕೂರಿಸಿಕೊಂಡು ಬುದ್ಧಿ ಹೇಳಿದ: ಅದೀಗ ನಿನ್ನ ಮನೆ, ಹೋಗಿ ಸರಿಮಾಡಿಕೋ. ಈ ಮಾತನ್ನು ಕೇಳಲು ನಾನು ಬಾಸ್ಟನ್ನಿಗೆ ಬರಬೇಕಿರಲಿಲ್ಲ. ನಮ್ಮ ಎಷ್ಟು ಜನಪದ ಹಾಡುಗಳಲ್ಲಿ, ಎಷ್ಟು ಅಡುಗೆಮನೆಗಳಲ್ಲಿ ಇದೇ ಮಾತು ಆಡಿಲ್ಲ! ರೋಸ್ ವಾಪಸು ಬಂದರು. ಫೆಬ್ರವರಿ 20ಕ್ಕೆ ಕ್ಯಾಥ್ಲೀನ್ ಹುಟ್ಟಿದಳು. ಅದೇ ಹೊತ್ತಿಗೆ ಇನ್ನೂ ಮೂರು ತುಂಬದ ಜಾಕ್‌ಗೆ ಸ್ಕಾರ್ಲೆಟ್ ಜ್ವರ. ಬಾಣಂತಿ ಮತ್ತು ಹಸುಗೂಸು ಇರುವ ಮನೆಯಲ್ಲಿ ಅಂಟುರೋಗದ ಮಗು. ಪ್ರಭಾವ ಬಳಸಿ ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ ಹಾಸಿಗೆ ದೊರಕಿಸಿದರು. ಮಗ ಉಳಿದರೆ ಆಸ್ತಿಯಲ್ಲಿ ಅರ್ಧ ದಾನ ಮಾಡುತ್ತೇನೆಂದು ಜೋಸೆಫ್ ಹರಕೆ ಹೊತ್ತನಂತೆ. ಮಗು ಉಳಿಯಿತು. ಆ ವರ್ಷವೇ ಈ ಮನೆ ಬಿಟ್ಟರು.

ಇದಾವುದೂ ಧ್ವನಿಮುದ್ರಣದಲ್ಲಿಲ್ಲ. ಇರಬೇಕಿತ್ತು ಎಂದು ನಾನೇನೂ ಹೇಳುತ್ತಿಲ್ಲ. ಮನೆಗೆ ಬಂದ ನೆಂಟರಿಗೆ ಯಾರು ತಾನೇ ಇದನ್ನೆಲ್ಲ ಹೇಳುತ್ತಾರೆ.

ಗುಂಪಿನಲ್ಲಿ ನಾನೊಂದು ಪ್ರಶ್ನೆ ಕೇಳಿದೆ: ಮಕ್ಕಳಿಗೆ ಸ್ನಾನ ಮಾಡಿಸುತ್ತಿದ್ದವರು ಯಾರು? ಮನೆಯಲ್ಲೇ ಇರುವ ಕೆಲಸದವರು ಇದ್ದರು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬಳು, ಮನೆಗೆಲಸಕ್ಕೆ ಒಬ್ಬಳು ಎಂದಳು ಆಕೆ. ಅವರು ಮಲಗುತ್ತಿದ್ದದ್ದು ಮಾಡಿನ ಕೆಳಗಿನ ಅಂತಸ್ತಿನಲ್ಲಿ. ಅಲ್ಲಿಗೆ ನಮ್ಮನ್ನು ಕರೆದೊಯ್ಯಲಿಲ್ಲ. ರೋಸ್ ಸಜ್ಜುಗೊಳಿಸಿದ್ದು ಕೆಳಗಿನ ಎರಡು ಅಂತಸ್ತುಗಳನ್ನು. ಅವರ ನೆನಪು ಆ ಮೆಟ್ಟಿಲು ಹತ್ತಿರಲಿಲ್ಲ.

ಗಂಡ ಹೆಂಡತಿಯ ಕೋಣೆಗೆ ಹತ್ತಿರದಲ್ಲೇ ರೋಸ್ ಅವರ ಸ್ವಂತ ಪುಟ್ಟ ಕೋಣೆ, ಒಂದು ಬರೆಯುವ ಮೇಜು. ನನಗೆ ಇಡೀ ಮನೆಯಲ್ಲಿ ಅತಿ ಮುಖ್ಯವೆನಿಸಿದ್ದು ಈ ಜಾಗ. ರೋಸ್ ಒಂದೊಂದು ಮಗುವಿಗೂ ಒಂದೊಂದು ಕಾರ್ಡ್ ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದರು. ಹುಟ್ಟಿದ ದಿನ, ದೀಕ್ಷಾಸ್ನಾನ ಆದ ಚರ್ಚು, ತೂಕ, ಬಂದ ಕಾಯಿಲೆ, ಹಾಕಿಸಿದ ಲಸಿಕೆ. ಜಾಕ್‌ನ ಕಾರ್ಡಿನಲ್ಲಿ ನಾಯಿಕೆಮ್ಮು, ದಡಾರ, ಸಿಡುಬಿನಮ್ಮನ ತಂಗಿಯಂಥ ಚಿಕನ್ ಪಾಕ್ಸ್ ಎಲ್ಲ ಸಾಲಾಗಿವೆ. ನಮ್ಮ ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡಿನ ಹಾಗೆ, ಆದರೆ ಇಲ್ಲಿ ತಾಯಿಯೇ ಇಲಾಖೆ. ಮುಂದೆ ಜೋಸೆಫ್ ರಾಯಭಾರಿಯಾಗಿ ಲಂಡನ್ನಿಗೆ ಹೋದಾಗ ಅಲ್ಲಿನ ಪತ್ರಕರ್ತರು ಇದನ್ನು ಅಮೆರಿಕನ್ ದಕ್ಷತೆ ಎಂದು ಹೊಗಳಿದರಂತೆ. ದಕ್ಷತೆ ಎಲ್ಲಿ ಬಂತು, ಬೇರೆ ದಾರಿ ಕಾಣದೆ ಮಾಡಿದ್ದು ಎಂಬರ್ಥದಲ್ಲಿ ರೋಸ್ ಉತ್ತರ ಕೊಟ್ಟರಂತೆ.

ಆ ಪೆಟ್ಟಿಗೆಯಲ್ಲಿ ಮೂರನೆಯ ಕಾರ್ಡು ರೋಸ್‌ಮೇರಿಯದು. ತಾಯಿಯ ಹೆಸರನ್ನೇ ಇಟ್ಟ ಮೊದಲ ಮಗಳು. ಹುಟ್ಟಿದ್ದು ಇದೇ ಮನೆಯಲ್ಲಿ, 1918ರ ಸೆಪ್ಟೆಂಬರ್ 13ರಂದು. ಬಾಸ್ಟನ್ನಿನಲ್ಲಿ ಇನ್‌ಫ್ಲುಯೆಂಜಾ ಮಾರಿ ಹಬ್ಬುತ್ತಿದ್ದ ದಿನಗಳು, ಡಾಕ್ಟರುಗಳಿಗೆ ಪುರುಸೊತ್ತಿಲ್ಲ. ಕೇಟ್ ಕ್ಲಿಫರ್ಡ್ ಲಾರ್ಸನ್ 2015ರಲ್ಲಿ ಪ್ರಕಟಿಸಿದ ರೋಸ್‌ಮೇರಿಯ ಜೀವನಚರಿತ್ರೆಯಲ್ಲಿ ಆ ದಿನದ ವಿವರವಿದೆ. ಹೆರಿಗೆ ಮಾಡಿಸಲು ಬಲ್ಲ ನರ್ಸ್ ಪಕ್ಕದಲ್ಲೇ ಇದ್ದಳು. ಆದರೆ ಡಾಕ್ಟರು ಬರುವವರೆಗೆ ಕಾಯಬೇಕು ಎಂಬುದು ಆ ಕಾಲದ ಕಟ್ಟಳೆ. ತಾಯಿಗೆ ತಡೆಹಿಡಿಯಲು ಹೇಳಿದಳು. ಅದು ಸಾಗದಾದಾಗ ಹೊರಬರುತ್ತಿದ್ದ ಮಗುವಿನ ತಲೆಯನ್ನು ಒತ್ತಿ ಹಿಡಿದಳು. ಎರಡು ಗಂಟೆ.

ಆ ಎರಡು ಗಂಟೆಗೆ ಈ ಮನೆಯಲ್ಲಿ ಗಡಿಯಾರವಿಲ್ಲ.

ರೋಸ್‌ಮೇರಿ ತಡವಾಗಿ ತೆವಳಿದಳು, ತಡವಾಗಿ ನಡೆದಳು. ನಾನು ದಾರಿಯಲ್ಲಿ ನೋಡಿ ಬಂದ ಆ ಶಾಲೆಯಲ್ಲಿ ಶಿಶುತರಗತಿಯನ್ನು ಮತ್ತೆ ಓದಬೇಕಾಯಿತು. ತಾಯಿ ಆಕೆಯ ಜೊತೆ ಗಂಟೆಗಟ್ಟಲೆ ಕೂತು ಅಕ್ಷರ ತಿದ್ದಿಸಿದರು, ಟೆನಿಸ್ ಆಡಿಸಿದರು. 1938ರಲ್ಲಿ ಲಂಡನ್ನಿನ ಅರಮನೆಯಲ್ಲಿ ರಾಜ ರಾಣಿಯರ ಮುಂದೆ ಬಿಳಿ ಉಡುಪಿನಲ್ಲಿ ನಿಂತ ಆ ಹುಡುಗಿಯ ಫೋಟೊ ನೋಡಿದರೆ ಒಡಹುಟ್ಟಿದವರಲ್ಲೆಲ್ಲ ಚೆಲುವೆ ಅವಳೇ ಅನಿಸುತ್ತದೆ. ಯುದ್ಧ ಶುರುವಾಗಿ ಅಮೆರಿಕಕ್ಕೆ ಮರಳಿದ ಮೇಲೆ ಸಿಟ್ಟು, ಹಟ, ರಾತ್ರಿ ಹೊರಗೆ ಹೊರಟುಹೋಗುವುದು ಜಾಸ್ತಿಯಾಯಿತು. ಮನೆತನದ ಹೆಸರಿನ ಚಿಂತೆ ತಂದೆಗೆ. 1941ರ ನವೆಂಬರಿನಲ್ಲಿ, ಆಕೆಗೆ 23 ವರ್ಷವಾಗಿದ್ದಾಗ, ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್ ಎಂಬ ವೈದ್ಯರಿಂದ ಮಿದುಳಿನ ಮುಂಭಾಗದ ನರಗಳನ್ನು ಕತ್ತರಿಸುವ ಲೊಬಾಟಮಿ ಮಾಡಿಸಿದ. ಆಗ ಅದನ್ನು ಹೊಸ ಚಿಕಿತ್ಸೆ ಎಂದು ಪತ್ರಿಕೆಗಳು ಕೊಂಡಾಡುತ್ತಿದ್ದವು. ಶಸ್ತ್ರಕ್ರಿಯೆ ಮುಗಿದಾಗ ರೋಸ್‌ಮೇರಿಗೆ ನಡೆಯಲೂ ಬರುತ್ತಿರಲಿಲ್ಲ, ಮಾತೂ ಹೋಗಿತ್ತು. ಮುಂದೆ ಆಕೆಯನ್ನು ವಿಸ್ಕಾನ್ಸಿನ್ ರಾಜ್ಯದ ಸೇಂಟ್ ಕೊಲೆಟಾ ಎಂಬ ಸಂಸ್ಥೆಯಲ್ಲಿ ಬಿಟ್ಟರು. ಅಲ್ಲಿಯ ಸನ್ಯಾಸಿನಿಯರ ಆರೈಕೆಯಲ್ಲಿ ದಶಕಗಟ್ಟಲೆ ಬದುಕಿ, 2005ರ ಜನವರಿಯಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡಳು.

ಆಸ್ಪತ್ರೆ ಸೇರಿದ ಮೇಲೆ ಸುಮಾರು ಎರಡು ದಶಕ ತಾಯಿ ಆಕೆಯನ್ನು ನೋಡಲು ಹೋದದ್ದಕ್ಕೆ ದಾಖಲೆಯಿಲ್ಲ ಎಂದು ಲಾರ್ಸನ್ ಬರೆಯುತ್ತಾರೆ. ನಾಯಿಕೆಮ್ಮು ಬಂದ ದಿನವನ್ನು ಬರೆದಿಡುತ್ತಿದ್ದ ಕೈ ಅದು. ಇದನ್ನು ಓದಿದ ರಾತ್ರಿ ನನಗೆ ರೋಸ್ ಮೇಲೆ ಕೋಪ ಬಂದಿತ್ತು. ಮನೆ ನೋಡಿದ ಮೇಲೆ ಕೋಪ ಹೋಯಿತು ಎನ್ನಲಾರೆ. ಆದರೆ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿತು. ಈ ಮನೆಯಲ್ಲಿ ಗಡಿಯಾರ ನಿಲ್ಲಿಸಿದ ಹೊತ್ತಿಗೆ ರೋಸ್‌ಮೇರಿ ಇನ್ನೂ ಹುಟ್ಟಿಲ್ಲ. ಯಾರೂ ಸತ್ತಿಲ್ಲ, ಯಾರಿಗೂ ಏನೂ ಆಗಿಲ್ಲ. ಒಂಬತ್ತು ಮಕ್ಕಳನ್ನು ಹೆತ್ತ ತಾಯಿ ತನ್ನ ನೆನಪಿಗೆ ಇಡೀ ಬದುಕಿನಲ್ಲಿ ಹೆದರದೆ ಕಾಲಿಡಬಹುದಾಗಿದ್ದ ಗಳಿಗೆಯನ್ನು ಹುಡುಕಿ ಅಲ್ಲಿಗೆ ಮುಳ್ಳು ತಿರುಗಿಸಿದ್ದಾಳೆ. ಇದನ್ನು ಸುಳ್ಳು ಎನ್ನುವ ಇತಿಹಾಸಕಾರರಿದ್ದರೆ ಅವರ ಜೊತೆ ನಾನು ಜಗಳವಾಡಿಯೇನು. ಈ ಮನೆ 1917ರ ಬಗ್ಗೆ ಹೇಳುವುದು ಕಡಿಮೆ. 1967ರಿಂದ 69ರವರೆಗಿನ ಒಂದು ಶೋಕದ ಬಗ್ಗೆ ಇದಕ್ಕಿಂತ ಪ್ರಾಮಾಣಿಕ ದಾಖಲೆ ಸಿಗುವುದು ಕಷ್ಟ.

ಮೌನ ಮೊದಲು ಮುರಿದದ್ದು ತಂಗಿ ಯೂನಿಸ್. 1962ರ ಸೆಪ್ಟೆಂಬರಿನಲ್ಲಿ, ಅಣ್ಣ ಅಧ್ಯಕ್ಷನಾಗಿದ್ದಾಗಲೇ, ತಮ್ಮ ಅಕ್ಕ ಬುದ್ಧಿಮಾಂದ್ಯೆ ಎಂದು ಸಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಲೊಬಾಟಮಿಯ ಮಾತು ಅದರಲ್ಲಿರಲಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ, ಕೊಲೆಯಾಗುವುದಕ್ಕೆ ಒಂದು ತಿಂಗಳಿರುವಾಗ, ಕೆನಡಿ ಬುದ್ಧಿಮಾಂದ್ಯರ ಆರೈಕೆ ಮತ್ತು ಸಂಶೋಧನೆಗೆ ಹಣ ಒದಗಿಸುವ ಕಾನೂನುಗಳಿಗೆ ಸಹಿ ಹಾಕಿದ. 1968ರ ಜುಲೈಯಲ್ಲಿ ಯೂನಿಸ್ ಷಿಕಾಗೋದಲ್ಲಿ ಮೊದಲ ಸ್ಪೆಷಲ್ ಒಲಿಂಪಿಕ್ಸ್ ನಡೆಸಿದರು. ನಮಗೆ ಮನೆ ತೋರಿಸಿದ ಯುವತಿ ತೊಟ್ಟಿಲಿನ ಪಕ್ಕ ನಿಂತು ರೋಸ್‌ಮೇರಿಯ ಕತೆಯನ್ನು ಏನೂ ಮುಚ್ಚಿಡದೆ ಹೇಳಿದಳು. ರೋಸ್ ಜೋಡಿಸಿಟ್ಟ ಸಾಮಾನುಗಳ ನಡುವೆಯೇ ನಿಂತು, ರೋಸ್ ಹೇಳದೆ ಬಿಟ್ಟದ್ದನ್ನು ಹೇಳುವುದು. ಇಲಾಖೆ ಒಂದು ಸಾಮಾನನ್ನೂ ಕದಲಿಸಬೇಕಾಗಿ ಬಂದಿಲ್ಲ.

ಅಡುಗೆಮನೆಯ ಹಿಂಬಾಗಿಲಿನಿಂದ ಹೊರಬರುವಾಗ ಇನ್ನೊಂದು ಸಂಗತಿ ಗೊತ್ತಾಯಿತು. 1975ರ ಸೆಪ್ಟೆಂಬರಿನಲ್ಲಿ ಯಾರೋ ಈ ಮನೆಯ ಹಿಂಭಾಗಕ್ಕೆ ಪೆಟ್ರೋಲ್ ಬಾಂಬ್ ಎಸೆದಿದ್ದರು. ಬಾಸ್ಟನ್ನಿನ ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸಲು ಬಸ್ಸುಗಳಲ್ಲಿ ಬೇರೆ ಬೇರೆ ಬಡಾವಣೆಗಳಿಗೆ ಕಳಿಸಬೇಕೆಂದು 1974ರಲ್ಲಿ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ತೀರ್ಪು ಕೊಟ್ಟಿದ್ದರು. ಕೆನಡಿ ಸೋದರರಲ್ಲಿ ಉಳಿದಿದ್ದ ಒಬ್ಬನೇ ಒಬ್ಬ, ಸೆನೆಟರ್ ಎಡ್ವರ್ಡ್, ಆ ತೀರ್ಪಿನ ಪರ ನಿಂತಿದ್ದ. ಟೊಮ್ಯಾಟೊ, ಮೊಟ್ಟೆ ಎಸೆದು ಜನ ಆತನನ್ನು ಓಡಿಸಿದ್ದರು. ಓಡಿಸಿದವರಲ್ಲಿ ಬಹುಪಾಲು ಐರಿಷ್ ಕ್ಯಾಥೊಲಿಕ್ ಕೂಲಿಕಾರ್ಮಿಕರೇ. ಒಂದು ಕಾಲಕ್ಕೆ ತಮ್ಮ ಹಜಾರದ ಗೋಡೆಯಲ್ಲಿ ಪೋಪ್ ಪಕ್ಕದಲ್ಲಿ ಜಾಕ್ ಕೆನಡಿಯ ಚಿತ್ರ ನೇತುಹಾಕಿಕೊಂಡಿದ್ದಂಥ ಜನ. ಬಾಂಬ್ ಬಿದ್ದ ರಾತ್ರಿ ಮನೆಯ ಮುಂದಿನ ಕಾಲುಹಾದಿಯ ಮೇಲೆ ಟೆಡ್ಡಿಯನ್ನೇ ಬಸ್ಸು ಹತ್ತಿಸಿ ಎಂಬರ್ಥದ ಬರಹವೂ ಕಾಣಿಸಿಕೊಂಡಿತು. ಅಡುಗೆಮನೆಯ ಕಡೆ ಸುಟ್ಟಿತು. ದುರಸ್ತಿ ಮುಗಿಯುವವರೆಗೆ ಮನೆಯನ್ನು ಮುಚ್ಚಬೇಕಾಯಿತು. ಹಾಗಾಗಿ ಇವತ್ತು ನಾವು ನೋಡುವ ಅಡುಗೆಮನೆ ಮರುಜೋಡಣೆಯ ಮರುಜೋಡಣೆ.

ಹೊರಗೆ ಬಂದಾಗ ಮೊಮ್ಮಗಳು ಎದ್ದಿದ್ದಳು. "ಏನಿತ್ತಮ್ಮ ಒಳಗೆ?" ಎಂದಳು ಮಗಳು. "ಒಂದು ಬೆಳ್ಳಿ ಬಟ್ಟಲು" ಅಂದೆ. ಉಳಿದದ್ದನ್ನು ದಾರಿಯಲ್ಲಿ ಹೇಳುತ್ತ ಹೋದೆ. ಕೆನಡಿ ಕುಟುಂಬ 1920ರಲ್ಲಿ ಹೋದ ಎರಡನೆಯ ಮನೆ ಅಲ್ಲಿಂದ ನಾಲ್ಕು ಹೆಜ್ಜೆ, ನೇಪಲ್ಸ್ ರೋಡ್ ಮತ್ತು ಅಬಟ್ಸ್‌ಫರ್ಡ್ ರೋಡ್ ಸೇರುವ ಮೂಲೆಯಲ್ಲಿ. ದೊಡ್ಡ ಮನೆ, ಅಗಲವಾದ ಜಗಲಿ. ಯೂನಿಸ್, ಪೆಟ್ರೀಷಿಯಾ, ರಾಬರ್ಟ್ ಹುಟ್ಟಿದ್ದು ಅಲ್ಲಿ. 1927ರಲ್ಲಿ ನ್ಯೂಯಾರ್ಕಿಗೆ ಹೋಗುವವರೆಗೆ ಜಾಕ್ ಆಡಿ ಬೆಳೆದದ್ದೂ ಅಲ್ಲೇ, ಹತ್ತು ವರ್ಷ ತುಂಬುವವರೆಗೆ. ರೋಸ್‌ಮೇರಿ ಶಾಲೆಗೆ ಹೋಗಿ ಬರುತ್ತಿದ್ದದ್ದೂ ಆ ಮನೆಯಿಂದಲೇ. ಬಾಲ್ಯದ ಮನೆ ಅನ್ನುವುದಾದರೆ ನಿಜಕ್ಕೂ ಅದೇ. ಅದನ್ನು ಯಾರೂ ಜೋಡಿಸಿಟ್ಟಿಲ್ಲ. ಖಾಸಗಿಯವರ ಮನೆ, ಒಳಗೆ ಯಾರೋ ಇದ್ದಾರೆ. ತಳ್ಳುಗಾಡಿ ನಿಲ್ಲಿಸಿ ಒಂದು ನಿಮಿಷ ನೋಡಿದೆವು. ಮಗು ಹಸಿವೆಗೆ ಅಳತೊಡಗಿತು. ಟ್ರಾಮ್ ಸ್ಟಾಪಿನ ಕಡೆ ಹೆಜ್ಜೆ ಹಾಕಿದೆವು.